ಶನಿವಾರದ ಮಂಡಳಿಯ ಕಾರಭಾರಿ

ಅಕ್ಕಲಕೋಟೆ
ರವಿವಾರ, ೨೬ ಸೆಪ್ಟೆಂಬರ್ ೧೯೯೯

ಪ್ರೀತಿಯ ನಂದಾ,

ನಿನ್ನ ಮಾವ ಶಿವಾನಂದನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ನಾಶಿಕದ ನೀರು ನಿನ್ನ ಗಂಟಲಿಗೆ ಇನ್ನೂ ಒಗ್ಗಿಲ್ಲ ಎಂದು ಕಾಂತೇಶ ಫೋನಿನಲ್ಲಿ ಹೇಳಿದ. ಬಿಸಿನೀರಿಗೆ ಉಪ್ಪು ಹಾಕಿ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸು, ಮರೆಯಬೇಡ. ಅವನ ಹೊಸ ಕಾರಖಾನೆಯ ಕೆಲಸ ಚಿಂಚೋಳಿ ಎಂಐಡಿಸಿಯ ಹಳೆಯ ಕಾರಖಾನೆಯದಕ್ಕಿಂತ ಹಗುರ ಇದೆಯೋ ಹೇಗೆ? ಮಗನನ್ನು ಕೇಳಿದರೆ ಎಲ್ಲಕ್ಕೂ "ಬರೋಬ್ಬರ್ ಅದ" ಎನ್ನುತ್ತಾನೆ, ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅತ್ತೆಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಎರಡಕ್ಕೂ ಔಷಧ ಸಿಕ್ಕಿಲ್ಲ. ಈ ಸಲ ಮಳೆ ತಡವಾಗಿ ಬಂದರೂ ತೊಗರಿ ಚೆನ್ನಾಗಿ ಎದ್ದಿದೆ.

ಫೋನಿನಲ್ಲಿ ಆಡದೆ ಮಾವ ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಮೂವತ್ತೊಂದು ವರ್ಷ ತಾಲೂಕು ಕಚೇರಿಯಲ್ಲಿ ಕಾಗದವನ್ನೇ ಉಂಡು ಕಾಗದವನ್ನೇ ಹೊದ್ದವನು ನಾನು. ಬಾಯಿಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಕಾಂತೇಶನನ್ನು ಮರಾಠಿ ಸಾಲೆಗೆ ಹಾಕಿದವನು ನಾನೇ, ಮನೆಯಲ್ಲಿ ಕನ್ನಡ ಮಾತಾಡುವ ಅವನಿಗೆ ಕನ್ನಡದ ಒಂದು ಸಾಲು ಓದಲು ಬರುವುದಿಲ್ಲ. ನೀನು ಭಂಡಾರಕವಠೆಯಲ್ಲಿ ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲೇ ಕಲಿತವಳು. ಆದ್ದರಿಂದ ಈ ಕಾಗದ ನಿಮ್ಮ ಮನೆಯಲ್ಲಿ ನಿನ್ನೊಬ್ಬಳ ಕಣ್ಣಿಗೆ ಮಾತ್ರ. ಓದಿದ ಮೇಲೆ ಅವನಿಗೆ ಹೇಳುವುದೋ ಬಿಡುವುದೋ ನಿನ್ನ ಇಚ್ಛೆ. ಹೇಳಬೇಡ ಎಂದು ನಾನು ಕೇಳುವುದಿಲ್ಲ.

ಮೊದಲು ಕೆಲಸದ ಮಾತು. ನಿನ್ನ ಪಿಎಚ್‌.ಡಿ. ನೋಂದಣಿಯ ಅವಧಿ ಈ ಡಿಸೆಂಬರಿಗೆ ಮುಗಿಯುತ್ತದೆ. ಇನ್ನೊಂದು ವರ್ಷ ಕೊಡಿ ಎಂಬ ಅರ್ಜಿ ಅಕ್ಟೋಬರ್ ಹದಿನೈದರೊಳಗೆ ನಿನ್ನ ಗೈಡ್ ಉಮಾಬಾಯಿಯವರ ಕೈಸೇರಬೇಕು. ಅರ್ಜಿಯನ್ನು ನಾನೇ ತುಂಬಿ ಇದರ ಜೊತೆ ಇಟ್ಟಿದ್ದೇನೆ, ನೀನು ಸಹಿ ಮಾಡಿದರೆ ಸಾಕು. ಸಹಿ ಬಾರದಿದ್ದರೆ ಐದು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ. ಉಮಾಬಾಯಿಯವರು ನಿನಗೆ ಎರಡು ಸಲ ಕಾಗದ ಹಾಕಿದರೂ ನೀನು ಉತ್ತರ ಕೊಡಲಿಲ್ಲವಂತೆ. ನಿನ್ನ ಗೆಳತಿ ಸಾಯಲಿಗೆ ಮಾತ್ರ ಒಂದು ಕಾರ್ಡು ಬರೆದೆಯಂತೆ. ಆಕೆ ಅದನ್ನು ನನಗೆ ತೋರಿಸಿದಳು, ಆಕೆಯ ಮೇಲೆ ಸಿಟ್ಟಾಗಬೇಡ. "ಅದು ನನ್ನ ಕೈಗೆ ಒಗ್ಗುವ ಕೆಲಸ ಆಗಿರಲಿಲ್ಲ, ಬಿಟ್ಟೆ" ಎಂದು ನೀನು ಬರೆದ ಒಂದೇ ಸಾಲು. ಆ ಸಾಲು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಶನಿವಾರದ ಮಂಡಳಿ ಈಗಲೂ ನಡೆಯುತ್ತಿದೆ. ನೀನು ಹೋದ ಮೇಲೆ ನಿಂತಿರಬೇಕು ಎಂದುಕೊಂಡಿರಬಹುದು. ಇಲ್ಲ, ಸೋಲಾಪುರದಲ್ಲಿ ಬಸಣ್ಣನ ಕಾಂಪ್ಯೂಟರ್ ಕ್ಲಾಸಿನ ಹಿಂದಿನ ಖೋಲಿಯಲ್ಲಿ ಅದೇ ಹನ್ನೊಂದು ಗಂಟೆಗೆ ಸೇರುತ್ತೇವೆ. ಸಾಯಲಿ ಜೂನಿನಲ್ಲಿ ತನ್ನ ಪ್ರಬಂಧ ಒಪ್ಪಿಸಿದಳು. ವಳಸಂಗದ ಸಾಯಬಣ್ಣ ಮಾಸ್ತರರು ಕೊನೆಯ ಅಧ್ಯಾಯದಲ್ಲಿ ಕೂತಿದ್ದಾರೆ, ಏಳುವ ಲಕ್ಷಣವಿಲ್ಲ. ಹೊಸದಾಗಿ ಇಬ್ಬರು ಬಂದಿದ್ದಾರೆ. ಕಾರಭಾರಿ ಮಾತ್ರ ನಾನೇ. ಪ್ರತಿ ಶನಿವಾರ ಟೋಪಿ ಹಾಕಿಕೊಂಡು ಎಂಟರ ಬಸ್ಸಿಗೆ ಹೊರಟಾಗ ನಿನ್ನ ಅತ್ತೆ ಬಾಗಿಲಲ್ಲಿ ನಿಂತು, "ಸೊಸಿ ಸಾಲಿ ಬಿಟ್ಟು ವರ್ಷಾತು, ಮಾವನ ಹಾಜರಿ ಇನ್ನೂ ತಪ್ಪವಲ್ದು" ಎನ್ನುತ್ತಾಳೆ.

ಮಂಡಳಿ ಶುರುವಾದ ದಿನ ನಿನಗೆ ನೆನಪಿದೆಯಲ್ಲ? ನೀನು, ಸಾಯಲಿ, ಸಾಯಬಣ್ಣ ಮೂವರೂ ಬೇರೆ ಬೇರೆ ವಿಷಯದವರು, ಮೂವರಿಗೂ ಒಂದೇ ರೋಗ: ಬರೆಯುತ್ತೇನೆ ಎನ್ನುವುದು, ಬರೆಯದೇ ಇರುವುದು. ಒಬ್ಬರದನ್ನು ಒಬ್ಬರು ಓದಿದರೆ ನಾಚಿಕೆಗಾದರೂ ಬರೆದೇವು ಎಂದು ನೀವು ಮಾತಾಡಿಕೊಂಡಿರಿ. ಮೂರು ತಿಂಗಳಲ್ಲಿ ಎರಡು ಸಲ ಸೇರಿದಿರಿ, ಅದರಲ್ಲಿ ಒಮ್ಮೆ ಭಜಿ ತಿಂದು ಎದ್ದುಬಂದಿರಿ. ಆಗ ನಾನು ನಿವೃತ್ತನಾಗಿ ಮನೆಯಲ್ಲಿ ನಿನ್ನ ಅತ್ತೆಯ ಕಾಲಿಗೆ ಅಡ್ಡಡ್ಡ ಸಿಗುತ್ತಿದ್ದೆ. ಐವತ್ತೊಂಬತ್ತನೆಯ ವಯಸ್ಸಿಗೆ ಬಸಣ್ಣನ ಹತ್ತಿರ ಕಾಂಪ್ಯೂಟರ್ ಕಲಿತು, ಹಳೆಯದೊಂದನ್ನು ಮನೆಗೂ ತಂದೆ. ನಿಮ್ಮ ಹೆಸರುಗಳನ್ನು ಕೆಳಗೆ ಕೆಳಗೆ, ಶನಿವಾರಗಳನ್ನು ಅಡ್ಡಕ್ಕೆ ಹಾಕಿ ಒಂದು ಕೋಷ್ಟಕ ಮಾಡಿದೆ. ಯಾರು ಯಾವ ವಾರ ಎಷ್ಟು ಪುಟ ತರಬೇಕು, ಯಾರು ಓದಬೇಕು, ಎಲ್ಲ ಅದರಲ್ಲಿ. ತಂದವರ ಮನೆ ಹಸಿರು, ತಪ್ಪಿದವರ ಮನೆ ಕೆಂಪು. ಸಾಯಬಣ್ಣ ಮಾಸ್ತರರು ತಮ್ಮ ಸಾಲು ಪೂರ್ತಿ ಕೆಂಪಾದದ್ದು ನೋಡಿ, "ಏನ್ರಿ ಸಾಹೇಬ್ರ, ನಂದು ಮೆಣಸಿನಕಾಯಿ ಹೊಲ ಮಾಡೀರಲ್ಲ" ಎಂದಿದ್ದರು. ಮುಂದಿನ ವಾರ ಹನ್ನೆರಡು ಪುಟ ತಂದರು.

ಇ-ಮೇಲಿನ ನಿಯಮ ಮಾಡಿದವನೂ ನಾನೇ. ಓದಿದವರು ತಮ್ಮ ಆಕ್ಷೇಪಣೆಯನ್ನು ಗುರುವಾರದೊಳಗೆ ಕಳಿಸಬೇಕು, ಮತ್ತು ಯಾವ ಸಾಲಿನ ಬಗ್ಗೆ ಆಕ್ಷೇಪಣೆಯೋ ಆ ಸಾಲನ್ನು ಪೂರ್ತಿಯಾಗಿ ಮೇಲೆ ನಕಲು ಮಾಡಿ, ಆಮೇಲೆ ತಮ್ಮ ಮಾತು ಬರೆಯಬೇಕು. ಕಚೇರಿಯಲ್ಲಿ ಸಂದರ್ಭ ಕಾಣಿಸದ ಉತ್ತರವನ್ನು ನಾನು ವಾಪಸು ಮಾಡುತ್ತಿದ್ದೆ, ಇಲ್ಲಿಯೂ ಅದೇ. ಸಾಯಲಿಗೆ ಸಿಟ್ಟು ಬರುತ್ತಿತ್ತು. ಒಂದು ಮಾತಿಗೆ ನಂದಾಳ ಅರ್ಧ ಪುಟ ನಕಲು ಮಾಡಬೇಕಲ್ಲ ಎಂದು ಗೊಣಗುತ್ತಿದ್ದಳು. ಆದರೂ ಮಾಡಿದಳು. ನಿನ್ನ ಪ್ರಬಂಧ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಇ-ಮೇಲಿನಲ್ಲಿ ತೊಡಕಿಲ್ಲದೆ ಹೋಗುತ್ತಿತ್ತು. ಸಾಯಬಣ್ಣ ಮಾಸ್ತರರಿಗೆ ಇ-ಮೇಲ್ ಇರಲಿಲ್ಲ, ಅವರಿಗೆ ನೀನು ಕೆಲವು ಹಾಳೆಗಳನ್ನು ಛಾಪಿಸಿ ಕೊಡುತ್ತಿದ್ದೆ.

ಈ ಜೂನಿನಲ್ಲಿ ಸಾಯಲಿಯ ಇ-ಮೇಲಿನ ಪೆಟ್ಟಿಗೆ ತುಂಬಿಹೋಯಿತು. ಹಳೆಯದನ್ನು ಅಳಿಸಲೇ ಕಾಕಾ ಎಂದು ಕೇಳಲು ನನ್ನನ್ನು ಪರದೆಯ ಮುಂದೆ ಕೂಡಿಸಿದಳು. ನೀನು ಕಳಿಸಿದ್ದನ್ನು ಆಕೆ ಜಾಗಕ್ಕಾಗಿ ಮೊದಲೇ ಅಳಿಸಿದ್ದಳು, ಆದರೆ ತಾನು ನಿನಗೆ ಕಳಿಸಿದ ಮೂವತ್ತೆಂಟು ಇ-ಮೇಲುಗಳು ಅಲ್ಲಿದ್ದವು. ಒಂದೊಂದರಲ್ಲಿಯೂ ಮೂರು ನಾಲ್ಕು ಕಡೆ ಆಕೆಯ ಎರಡು ಸಾಲಿನ ತಕರಾರಿನ ಮೇಲೆ ನಿನ್ನ ಹತ್ತು ಹನ್ನೆರಡು ಸಾಲು. ನಾನು ಆಕೆಯ ಕೈ ಹಿಡಿದು, ಒಂದನ್ನೂ ಮುಟ್ಟಬೇಡ ತಂಗಿ ಎಂದೆ. ಅಂದಿನಿಂದ ಪ್ರತಿ ಶನಿವಾರ ಮಂಡಳಿ ಮುಗಿದ ಮೇಲೆ ಅಲ್ಲಿಯೇ ಕೂತು ನಿನ್ನ ಸಾಲುಗಳನ್ನು ತೆಗೆದು ಜೋಡಿಸುತ್ತಾ ಬಂದೆ. ಸಾಯಬಣ್ಣ ಮಾಸ್ತರರ ಟ್ರಂಕಿನಿಂದ ಹತ್ತೊಂಬತ್ತು ಹಾಳೆ ಸಿಕ್ಕವು, ಅಂಚಿನಲ್ಲಿ ಅವರ ಮರಾಠಿ ಟಿಪ್ಪಣಿಯ ಜೊತೆ. ನಿನ್ನ ಮೊದಲನೆಯ ಅಧ್ಯಾಯ ಉಮಾಬಾಯಿಯವರ ಹತ್ತಿರ ಹೇಗೂ ಇದೆ, ಎರಡನೆಯದು ಬಹುಪಾಲು ಬಂದಿದೆ. ಮೂರನೆಯದರಲ್ಲಿ ಅರ್ಧ ಮಾತ್ರ. ನಾಲ್ಕನೆಯದನ್ನು ಮಂಡಳಿಗೆ ಇನ್ನೂ ತಂದಿರಲಿಲ್ಲ, ಅದು ಹೋಯಿತು. ಎಲ್ಲಿ ಸಾಲು ಸಿಕ್ಕಿಲ್ಲವೋ ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ, ನನ್ನ ಮಾತು ಒಂದನ್ನೂ ಸೇರಿಸಿಲ್ಲ. ಒಟ್ಟು ಎಪ್ಪತ್ತಮೂರು ಪುಟ. ಬೇರೆ ಪಾಕೀಟಿನಲ್ಲಿ ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ.

ಜೋಡಿಸುವಾಗ ನಿನ್ನ ಬರಹವನ್ನು ನಾನು ಮೊದಲ ಸಲ ಸರಿಯಾಗಿ ಓದಿದೆ. ಅಲ್ಲಿಯವರೆಗೆ ಪುಟ ಎಣಿಸಿ ಹಸಿರು ಬಣ್ಣ ಬಳಿದದ್ದಷ್ಟೇ ನನ್ನ ಕೆಲಸವಾಗಿತ್ತು. ವಳಸಂಗದಿಂದ ದಿನಾ ಬೆಳಿಗ್ಗೆ ಸೋಲಾಪುರಕ್ಕೆ ದುಡಿಯಲು ಹೋಗಿಬರುವ ಹೆಂಗಸರ ಜೊತೆ ಅದೇ ಬಸ್ಸಿನಲ್ಲಿ ನಿಂತು ನೀನು ಎರಡು ವರ್ಷ ಹೋಗಿಬಂದೆ. ಅದರಲ್ಲಿ ಏನಿದೆ ಬರೆಯುವಂಥದ್ದು ಎಂದು ಒಳಗೊಳಗೆ ನನಗೂ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸಿನ ಆ ಮುಕ್ಕಾಲು ತಾಸು ಮಾತ್ರ ತನ್ನ ಸ್ವಂತದ್ದು, ಮನೆಯಲ್ಲಿ ಮನೆಯವರದು, ಕಾರಖಾನೆಯಲ್ಲಿ ಮಾಲಕನದು ಎಂದು ಅವರಲ್ಲೊಬ್ಬಳಾದ ಹಣಮವ್ವ ಹೇಳಿದ್ದನ್ನು ಓದಿ ಬಹಳ ಹೊತ್ತು ಮುಂದಿನ ಪುಟ ತೆಗೆಯಲಿಲ್ಲ. ಹೋದ ತಿಂಗಳು ಸ್ಟ್ಯಾಂಡಿನಲ್ಲಿ ಆಕೆಯೇ ನನ್ನನ್ನು ಗುರುತು ಹಿಡಿದು, "ಅಣ್ಣಾರ, ನಮ್ಮ ಮಾತು ಬರಕೊಂಡು ಹೋದ ಹುಡಗಿ ನಿಮ್ಮ ಸೊಸಿ ಅಲ್ಲೇನ್ರಿ? ಆಕಿ ಬುಕ್ಕ ಆತೇನ್ರಿ?" ಎಂದು ಕೇಳಿದಳು. ಆಗಾಕತ್ತೇದ ಎಂದು ಹೇಳಿ ಬಸ್ಸು ಹತ್ತಿದೆ. ನಲವತ್ತು ಹೆಂಗಸರು ಒಮ್ಮೆ ಬಿಚ್ಚಿ ಹೇಳಿದ್ದನ್ನು ಎರಡನೆಯ ಸಲ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ನೀನು, ಬರೆದದ್ದೆಲ್ಲ ಹೋದ ದಿನ, ಅತ್ತಿದ್ದೆ. ಆ ಮಾತಿನ ತೂಕ ನನಗೆ ತಿಳಿದದ್ದು ಈಗ.

ಇನ್ನು ಹೋದ ವರ್ಷದ ದಸರೆಯ ವಿಷಯ. ಇಷ್ಟು ಹೊತ್ತು ಅದರ ಸುತ್ತಲೇ ತಿರುಗುತ್ತಿದ್ದೆ ಎಂದು ನೀನು ಕಂಡುಕೊಂಡಿರುತ್ತೀ. ಘಟ ಕೂಡಿಸುವ ಮೊದಲು ಮನೆಯ ಕೌದಿ, ಹಾಸಿಗೆ, ಪಾತ್ರೆ ಎಲ್ಲ ತೊಳೆಯುತ್ತೀರಲ್ಲ, ಆಗ ನಾನು ಕಾಂಪ್ಯೂಟರನ್ನೂ ತೊಳೆದೆ. ನೀರು ಹಾಕಿ ಅಲ್ಲ. ಅದರೊಳಗಿನ ಎಲ್ಲ ಫೈಲುಗಳನ್ನು ಫ್ಲಾಪಿಗಳಿಗೆ ಇಳಿಸಿ, ಕಪಾಟು ಖಾಲಿ ಮಾಡಿದ ಹಾಗೆ ಯಂತ್ರವನ್ನು ಪೂರ್ತಿ ಖಾಲಿ ಮಾಡಿದೆ. ಹಬ್ಬದ ಮೇಲೆ ಮತ್ತೆ ಅಚ್ಚುಕಟ್ಟಾಗಿ ಜೋಡಿಸಿದರಾಯಿತು ಎಂಬ ಲೆಕ್ಕ. ಎರಡು ಪ್ರತಿ ಇಲ್ಲದ ಕಾಗದ ಕಾಗದವೇ ಅಲ್ಲ ಎಂದು ನಿಮಗೆಲ್ಲ ಪಾಠ ಹೇಳಿದವನು ಆ ಹತ್ತು ಹನ್ನೆರಡು ದಿನ ನಿನ್ನ ಮೂರು ಅಧ್ಯಾಯ, ಬಸ್ಸಿನ ಟಿಪ್ಪಣಿ ಎಲ್ಲವನ್ನೂ ಒಂದೇ ಒಂದು ಫ್ಲಾಪಿಯ ಮೇಲೆ ಬಿಟ್ಟೆ. ಕಾಗದದ ಮೇಲೆ ಬರೆದು ಮತ್ತೆ ಟೈಪು ಮಾಡುವುದೇಕೆ, ನೇರವಾಗಿ ಇಲ್ಲೇ ಬರೆ ಎಂದು ನಿನ್ನ ಹಸ್ತಪ್ರತಿಯ ರೂಢಿ ಬಿಡಿಸಿದವನೂ ನಾನೇ.

ಖಂಡೇನವಮಿಯ ದಿನ ಕಾಂಪ್ಯೂಟರನ್ನು ಪೂಜೆಗೆ ಕೂಡಿಸಿದೆವು. ನಾನು ಕರೆದಾಗ ನೀನು ಅರಿಷಿಣ ಹಾಕಿದ ಹೋಳಿಗೆಯ ಕಣಕ ನಾದುವುದನ್ನು ಬಿಟ್ಟು ಬಂದು, ನಿನ್ನ ಫ್ಲಾಪಿಯನ್ನು ಡಬ್ಬಿಯಿಂದ ತೆಗೆದು ಮಣೆಯ ಮೇಲಿಟ್ಟು ಮತ್ತೆ ಒಳಗೆ ಹೋದೆ. ಮಂಡಳಿಯ ಉಳಿದವರ ಫ್ಲಾಪಿಗಳಿಗೆ ಮೇಲೊಂದು ಹೂವಿಟ್ಟೆ. ನಿನ್ನದು ಕೈಗೆ ಬಂದಾಗ ಮನಸ್ಸು ತಡೆಯಲಿಲ್ಲ. ಹೊಸ ರಜಿಸ್ಟರಿನ ಪೂಜೆ ಮಾಡುವಾಗ ನಾವು ರಟ್ಟಿಗೆ ಅರಿಷಿಣ ಹಚ್ಚುವುದಿಲ್ಲ, ತೆರೆದು ಮೊದಲ ಹಾಳೆಗೆ ಹಚ್ಚುತ್ತೇವೆ. ಅಕ್ಷರ ಇರುವ ಜಾಗಕ್ಕೆ ಪೂಜೆ ಸಲ್ಲಬೇಕು. ಇದರ ಅಕ್ಷರ ಎಲ್ಲಿದೆ ಎಂದು ಬಸಣ್ಣ ನನಗೆ ತೋರಿಸಿದ್ದ. ಆ ತಗಡಿನ ಸಣ್ಣ ಬಾಗಿಲನ್ನು ಉಗುರಿನಿಂದ ಸರಿಸಿ, ಒಳಗಿನ ಕರಿಯ ಹಾಳೆಗೆ ಅರಿಷಿಣದ ಬೊಟ್ಟು ಇಟ್ಟೆ. ನನ್ನ ಸೊಸೆ ಡಾಕ್ಟರ್ ಆಗಲಿ ಎಂದು ಬೇಡಿಕೊಂಡು ಬಾಗಿಲು ಮುಚ್ಚಿದೆ. ಅದು ಅಪಾಯ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ ನಂದಾ, ಇದನ್ನು ಮಾತ್ರ ನಂಬು.

ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ನೀನು ಫ್ಲಾಪಿ ಹಾಕಿದೆ. ಯಂತ್ರ ಕರಕರ ಅಂದಿತು, ಏನೂ ತೆರೆಯಲಿಲ್ಲ. ಎರಡು ದಿನ ಬಿಟ್ಟು ಸೋಲಾಪುರಕ್ಕೆ ಒಯ್ದೆವು. ಬಸಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಾಯಾರ, ಅಡಗಿ ಮನಿ ಕೈಲೆ ಹಿಡದೀರೇನ್ರಿ? ಒಳಗ ಎಲ್ಲಾ ಅರಿಷಿಣ ಅದ" ಎಂದ. ಅವನ ತಪ್ಪಿಲ್ಲ, ಕಂಡದ್ದನ್ನು ಆಡಿದ. ಆ ಕ್ಷಣದಲ್ಲೇ ನನಗೆ ಎಲ್ಲ ತಿಳಿಯಿತು. ನೀನು ನಿನ್ನ ಕೈಗಳನ್ನು ನೋಡಿಕೊಂಡೆ. ಮನೆಗೆ ಬಂದಾಗ ನಿನ್ನ ಅತ್ತೆ, "ಕಣಕದ ಕೈಲೆ ಮುಟ್ಟಬ್ಯಾಡ ಅಂತ ನಾ ಬಡಕೊಂಡಿದ್ದೆ" ಎಂದು ಶುರುಮಾಡಿದಳು, ವಾರಗಟ್ಟಲೆ ನಿಲ್ಲಿಸಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟರೆ ಹೀಗೇ ಎಂದು ನೆರೆಮನೆಯ ಕಲ್ಯಾಣಮ್ಮನವರೂ ಸೇರಿಸಿದರು. ನಾನು ಪಡಸಾಲೆಯಲ್ಲಿ ಪೇಪರು ಹಿಡಿದುಕೊಂಡು ಸುಮ್ಮನಿದ್ದೆ. ಮೂವತ್ತೊಂದು ವರ್ಷ ಒಂದು ಕಾಗದ ಕಳೆಯದವನು ಎಂಬ ನನ್ನ ಹೆಸರು ನನಗೆ ನಿನ್ನ ಮಾನಕ್ಕಿಂತ ದೊಡ್ಡದಾಯಿತು. ಕಾಂತೇಶನಿಗೆ ಬದಲಿಯಾದಾಗ, ಪ್ರಬಂಧ ಮುಗಿಯುವವರೆಗೆ ಇಲ್ಲೇ ಇರುತ್ತೇನೆ ಎಂದಿದ್ದ ನೀನು ಅವನ ಜೊತೆಯೇ ಹೊರಟೆ. ಆಗಲೂ ಸುಮ್ಮನಿದ್ದೆ.

ಮೊನ್ನೆ ಶುಕ್ರವಾರ ನಿನ್ನ ಅತ್ತೆಗೆ ಎಲ್ಲ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ನನ್ನ ಬಾಯಾಗ ಇಷ್ಟು ಪಾಪ ಹಾಕಿಸಿದ್ರಲ್ಲ" ಎಂದಳು. ಅಂದಿನಿಂದ ರೊಟ್ಟಿ ಬಡಿದು ತಾಟು ಇಟ್ಟು ಒಳಗೆ ಹೋಗುತ್ತಾಳೆ. ನಿನ್ನೆ ಮಂಡಳಿಯಲ್ಲಿಯೂ ಎಲ್ಲರ ಎದುರು ಹೇಳಿದೆ. ಬಸಣ್ಣನನ್ನೂ ಕರೆದು ಕೂಡಿಸಿಕೊಂಡಿದ್ದೆ, ಏಕೆಂದರೆ ಆ ಮಾತು ಮೊದಲು ಅವನ ಬಾಯಿಂದ ಬಂದದ್ದು. ಸಾಯಬಣ್ಣ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಸಾಯಲಿ ಮಾತ್ರ ನನಗೆ ನಮಸ್ಕಾರ ಮಾಡದೆ ಎದ್ದುಹೋದಳು, ಅದು ಸರಿಯೇ. ಕೋಷ್ಟಕ ನೋಡಿಕೊಳ್ಳುವ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ ಎಂದಿದ್ದೇನೆ. ಮುಂದಿನ ವಾರ ನಿರ್ಧಾರ ಮಾಡುತ್ತಾರೆ.

ನೀನು ಸಹಿ ಮಾಡಿದರೆ ಇಲ್ಲಿಗೇ ಬರಬೇಕೆಂದಿಲ್ಲ. ನಾಶಿಕದಲ್ಲಿ ಕೂತು ಬರೆ, ಅಲ್ಲಿಯೂ ಇ-ಮೇಲ್ ಇದೆಯಂತೆ, ಮಂಡಳಿ ಅಲ್ಲಿಗೇ ಓದಿ ಕಳಿಸುತ್ತದೆ. ಆ ಹೆಂಗಸರನ್ನು ಕಾಣಲು ವಳಸಂಗಕ್ಕೆ ಬಂದಾಗ ಈ ಮನೆಗೆ ಬರಲು ಮನಸ್ಸಾಗದಿದ್ದರೆ ಸಾಯಲಿಯ ಮನೆಯಲ್ಲಿ ಉಳಿದುಕೋ. ನನಗೆ ಬೇಸರವಾಗುತ್ತದೆ, ಆದರೆ ಆ ಬೇಸರ ನಾನು ಗಳಿಸಿದ್ದು. ಕ್ಷಮಿಸು ಎಂದು ಕೇಳುವ ವಯಸ್ಸೂ ಸಂಬಂಧವೂ ಅಲ್ಲ ಎಂದು ಇಷ್ಟು ದಿನ ತಿಳಿದಿದ್ದೆ. ತಪ್ಪು ತಿಳಿದಿದ್ದೆ. ಕ್ಷಮಿಸು.

ಕಾಂತೇಶನಿಗೆ ಆಶೀರ್ವಾದ. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿರಿ. ಶರಣರ ದಯೆ ನಿಮ್ಮ ಮೇಲಿರಲಿ, ನಿನ್ನ ವಿದ್ಯೆಯ ಮೇಲೆ ಇನ್ನೂ ಒಂದು ಹಿಡಿ ಹೆಚ್ಚಿರಲಿ.

ನಿನ್ನ ಮಾವ,
ಶಿವಾನಂದ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೊಮ್ಮೆ ಓದಿದೆ. ಸುಮ್ಮನಿದ್ದೆ ಎಂದು ಮೇಲೆ ಎರಡು ಸಲ ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ನೀವು ನಾಶಿಕಕ್ಕೆ ಹೊರಟ ದಿನ ಬೆಳಿಗ್ಗೆ ನೀನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ನನ್ನನ್ನು ನೋಡಿ ಎದ್ದು ನಿಂತು, "ಮಾಮಾ, ನೀವರೆ ಖರೇ ಹೇಳ್ರಿ. ಅದು ನನ್ನ ಕೈಲೇನ ಆತೇನ್ರಿ?" ಎಂದು ಕೇಳಿದೆ. ಮನೆಯಲ್ಲಿ ನೀನು ಆ ಮಾತು ಕೇಳಿದ್ದು ನನ್ನೊಬ್ಬನನ್ನು, ನಾನು ಹೇಳಿದ್ದನ್ನು ನಂಬುತ್ತೇನೆ ಎನ್ನುವ ಹಾಗೆ. "ಹೂಂ ತಂಗಿ, ಹಂಗ ಆಗಿರಬೇಕು. ಬಿಡು" ಎಂದು ನಾನು ಬಾಯಿಬಿಟ್ಟು ಹೇಳಿದೆ. ನೀನು ತಲೆಯಾಡಿಸಿ ಒಳಗೆ ಹೋಗಿ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಕೊಡುತ್ತಿದ್ದೇನೆ. ಅಲ್ಲ ತಂಗಿ. ನಿನ್ನ ಕೈಲೆ ಆಗಿಲ್ಲ, ನನ್ನ ಕೈಲೆ ಆತು.